ಗಾರೆ ಅಪ್ಪಯ್ಯಣ್ಣ ಬಿಟ್ಟ ತೂತು

ಬ್ರಹ್ಮನಾದರೂ ಸೃಷ್ಟಿ ಮುಗಿಸಿ ಕೈ ತೊಳೆದುಕೊಂಡ. ನಂದಗುಡಿಯ ಗಾರೆ ಅಪ್ಪಯ್ಯಣ್ಣ ಮಾತ್ರ ನಲವತ್ತು ವರ್ಷದಲ್ಲಿ ಒಂದೇ ಒಂದು ಕಟ್ಟಡವನ್ನೂ ಪೂರ್ತಿ ಮುಗಿಸಿದವನಲ್ಲ. ಗೋಡೆ ಎದ್ದು, ಸುಣ್ಣ ಬಳಿದು, ಬಾಗಿಲಿಗೆ ಮಾವಿನ ತೋರಣ ಕಟ್ಟಿದ ಮೇಲೂ ಸೂರಿನ ಕೆಳಗೆ ಮುಷ್ಟಿ ಗಾತ್ರದ ಒಂದು ತೂತು ಉಳಿದಿರುತ್ತಿತ್ತು. ಹೊಸಕೋಟೆ ಸೀಮೆಯ ಜನ ಅದಕ್ಕೆ ಅರ್ಥ ಹುಡುಕಿದರು. ಯಮಧರ್ಮರಾಯ ಬಾಗಿಲು ತಟ್ಟುವವನಲ್ಲ, ಆ ತೂತಿನಿಂದ ಇಳಿಯುತ್ತಾನೆ. ಅಪ್ಪಯ್ಯಣ್ಣನಿಗೆ ಅವನ ಪರಿಚಯವುಂಟು. ಸಾಕ್ಷಿಗೂ ಕೊರತೆಯಿರಲಿಲ್ಲ. ತೂತಿದ್ದ ಪ್ರತಿ ಮನೆಯಲ್ಲೂ ಯಾರಾದರೊಬ್ಬರು ಸತ್ತಿದ್ದರು. ತೂತಿಲ್ಲದ ಮನೆಗಳಲ್ಲೂ ಸತ್ತಿದ್ದರು, ಆದರೆ ಅವರನ್ನು ನೆನೆಯುವ ಪುರುಸೊತ್ತು ಯಾರಿಗಿತ್ತು? ಅಪ್ಪಯ್ಯಣ್ಣನನ್ನೇ ಕೇಳುವ ಧೈರ್ಯವೂ ಯಾರಿಗೂ ಇರಲಿಲ್ಲ. ಕೇಳಿದವನ ಹೆಸರನ್ನೇ ಅವನು ಅಲ್ಲಿಗೆ ತಲುಪಿಸಿಬಿಟ್ಟರೆ?

ಸಾವಿರದ ಒಂಬೈನೂರ ನಲವತ್ತನಾಲ್ಕರಲ್ಲಿ ಪಟೇಲ್ ಗೋಪಾಲಪ್ಪನವರಿಗೆ, ಊರಿನ ಪಟಗಾರ ಪಿಳ್ಳಪ್ಪನ ಚಿತ್ರಗಳಿಗೊಂದು ಮನೆ ಕಟ್ಟಿಸುವ ಹುಚ್ಚು ಹಿಡಿಯಿತು. ಪಿಳ್ಳಪ್ಪ ಆಯುಷ್ಯವಿಡೀ ಹಲಗೆಗಳ ಮೇಲೆ ಬರೆದದ್ದು ಒಂದೇ ವಿಷಯ: ಯಮಲೋಕ.

“ಕಟ್ಟಡವೂ ಇವನ ಪಟದ ಹಾಗೇ ಇರಬೇಕು,” ಎಂದರು ಪಟೇಲರು.

ಅಪ್ಪಯ್ಯಣ್ಣ ಮೂರು ದಿನ ಪಟಗಳ ಮುಂದೆ ಎಲೆಅಡಿಕೆ ಮೆಲ್ಲುತ್ತ ಕೂತ. ಅಟ್ಟದ ಮೇಲಿರುವುದನ್ನೂ ಏಣಿ ಹತ್ತಿ ನೋಡು ಎಂದರೆ, “ಇಳಿಸಿಕೊಡಿ,” ಎಂದ. ನಾಲ್ಕನೆಯ ದಿನ ಇದ್ದಿಲು ಹಿಡಿದು ನೆಲದ ಮೇಲೆ ಗೆರೆ ಎಳೆದ. ಯಮನ ಕೋಣನ ಬಾಯಿಯೇ ಬಾಗಿಲು, ಕಣ್ಣೆರಡೂ ಕಿಟಕಿ, ಮಾಳಿಗೆಯ ಮೇಲೆ ಗಾರೆಯ ಕೊಂಬು. ಆರು ತಿಂಗಳಲ್ಲಿ ಊರ ತುದಿಯಲ್ಲಿ ಕೋಣ ಪೂರ್ವಕ್ಕೆ ಮುಖ ಮಾಡಿ ಎದ್ದು ಕೂತಿತು. ಸಂತೆಗೆ ಹೊರಟ ಎತ್ತುಗಳು ಅದನ್ನು ಕಂಡು ಗಾಡಿ ಸಮೇತ ರಾಗಿ ಹೊಲಕ್ಕಿಳಿದವು.

ಕೋಣನ ಹಣೆಯ ನಡುವೆ ಒಂದು ತೂತಿತ್ತು.

ಪಟಗಳನ್ನು ತೂಗುಹಾಕಿದ ಮಾರನೆಯ ಬೆಳಿಗ್ಗೆಯೇ ಪಿಳ್ಳಪ್ಪನ ಎದೆ ಧಸಕ್ಕೆಂದಿತು. ತೂತಿನಿಂದ ನುಗ್ಗಿದ ಬಿಸಿಲು ಎದುರು ಗೋಡೆಯ ದೊಡ್ಡ ಪಟದಲ್ಲಿ ಕೋಣನ ಬಾಲದ ಮೇಲೆ ಬಿದ್ದಿತ್ತು. ಮರುದಿನ ಅದೇ ಹೊತ್ತಿಗೆ ಒಂದು ಬೆರಳು ಮುಂದೆ. ದಿನ ಕಳೆದಂತೆ ಬಾಲ ಮುಗಿಯಿತು, ಬೆನ್ನು ಮುಗಿಯಿತು, ಯಮನ ಕೈಯೂ ಮುಗಿದು ಬಿಸಿಲು ಹಗ್ಗಕ್ಕೆ ಬಂತು. ಹಗ್ಗದಾಚೆ ಕೂತ ಮುದುಕನ ಮುಖ ಯಾರದೆಂದು ಪಿಳ್ಳಪ್ಪನೊಬ್ಬನಿಗೇ ಗೊತ್ತು. ಬರೆಯುವಾಗ ಬೇರೆ ಮುಖ ಸಿಗದೆ, ಕನ್ನಡಿ ನೋಡಿಕೊಂಡು ತನ್ನದನ್ನೇ ಇಳಿಸಿದ್ದ.

ಬಿಸಿಲಿಗೂ ಮುದುಕನ ಕತ್ತಿಗೂ ಮೂರು ಬೆರಳು ಉಳಿದಾಗ ಪಿಳ್ಳಪ್ಪ ಮುದ್ದೆ ಬಿಟ್ಟ. ಕುಂಚಗಳನ್ನು ತೊಳೆದು ಗಂಟು ಕಟ್ಟಿಟ್ಟ.

“ಇನ್ನು ಮೂರೇ ದಿನ ಕಣೇ,” ಎಂದ ಹೆಂಡತಿ ಲಕ್ಕಮ್ಮನಿಗೆ.

“ದೂರದ ದಾರಿ. ಉಂಡ್ಕೊಂಡೇ ಹೋಗು,” ಎಂದಳು.

ಮೂರನೆಯ ಬೆಳಿಗ್ಗೆ ಊರಿನ ಕಾಗೆಗಳೂ ಬಾಯಿ ಮುಚ್ಚಿಕೊಂಡಿದ್ದವು. ಬಿಸಿಲು ಪಟದ ಮುದುಕನ ಕತ್ತಿನ ಮೇಲೆ ದುಂಡಗೆ ನಿಂತಿತು. ಸಾಯುವವರನ್ನು ಬರೆದು ಬರೆದು ಪಳಗಿದ ಪಿಳ್ಳಪ್ಪ, ಸಾಯುವವನು ಹೇಗೆ ಕೂರಬೇಕೋ ಹಾಗೇ ಗೋಡೆಗೊರಗಿ ಕೂತ. ಕೈಕಾಲು ನಿಜಕ್ಕೂ ತಣ್ಣಗಾಗುತ್ತ ಬಂದವು.

ಅಷ್ಟರಲ್ಲಿ ಲಕ್ಕಮ್ಮ ಅಪ್ಪಯ್ಯಣ್ಣನನ್ನು ಹೆಗಲ ಟವೆಲ್ ಹಿಡಿದು ಕೋಣನ ಬಾಯೊಳಗೆ ಎಳೆದು ತಂದಳು.

“ಕೇಳು! ಸಾಯೋದು ಆಮೇಲೆ ಸಾಯಿವಂತೆ, ಮೊದ್ಲು ಬಾಯಿ ಬಿಟ್ಟು ಕೇಳು!”

“ಲೇ ಅಪ್ಪಯ್ಯ,” ಎಂದ ಪಿಳ್ಳಪ್ಪ, ಅರ್ಧ ಉಸಿರಿನಲ್ಲಿ. “ಆ ತೂತು ಯಾರಿಗೆ ಬಿಟ್ಟೆ?”

ಅಪ್ಪಯ್ಯಣ್ಣ ತೂತು ನೋಡಿದ, ಪಟ ನೋಡಿದ, ಪಿಳ್ಳಪ್ಪನ ಕತ್ತು ನೋಡಿದ. ಹೊರಗೆ ಹೋಗಿ ಎಲೆಅಡಿಕೆ ಉಗಿದು ಬಂದ.

“ಗೋಡೆ ಕಟ್ಟೋವಾಗ ನಿಂತ್ಕೊಳ್ಳೋಕೆ ಸಾರುವೆ ಮರ ಸಿಗಿಸಿದ್ದ ತೂತು ಕಣಣ್ಣ ಅದು. ಸಾರುವೆ ಬಿಚ್ಚಿದ ಮೇಲೆ ಮುಚ್ಚಬೇಕಂದ್ರೆ ಏಣಿ ಹತ್ತಬೇಕು. ಏಣಿ ಹತ್ತಿದ್ರೆ ನಂಗೆ ತಲೆ ತಿರುಗ್ತದೆ.”