ಖಾಲ್ಸಾ ಕಡೆಯ ಒಲೆ

ನಾನು ನಿಂತದ್ದು ದನದ ಕೊಟ್ಟಿಗೆಯ ಬಾಗಿಲಿನಿಂದ ಮೂರು ಹೆಜ್ಜೆ ಒಳಗೆ, ಒಲೆಗೆ ಎದುರಾಗಿ. ಯುದ್ಧ ಶುರುವಾದ ಮೇಲಿನ ಮೂರನೆಯ ಮಳೆಗಾಲ. ಮಿರಗದ ಮಳೆ ಕೂಡಿ ನಾಲ್ಕು ದಿನವಾಗಿತ್ತು. ಹೊತ್ತು ಒಂದು ಮಾರು ಏರಿತ್ತು. ನನಗೂ ಒಲೆಗೂ ನಡುವೆ ಯಾರೂ ಇರಲಿಲ್ಲ. ಇದನ್ನು ಮೊದಲೇ ಹೇಳುತ್ತೇನೆ, ಏಕೆಂದರೆ ಆಮೇಲೆ ಕಚೇರಿಯ ಕಾಗದದಲ್ಲಿ ‘ಮಾಸ್ತರರು ಹೊರಗಿದ್ದರು, ಏನನ್ನೂ ಕಂಡಿಲ್ಲ’ ಎಂದು ಬರೆಯಲಾಯಿತು.

ಆ ಕೊಟ್ಟಿಗೆಯ ಮುಂದಿನ ಬಂಡಿದಾರಿಯೇ ಸರಹದ್ದು. ಪೂರ್ವಕ್ಕೆ ಸವಣೂರು ಸಂಸ್ಥಾನ. ಪಶ್ಚಿಮಕ್ಕೆ ಮುಂಬಯಿ ಸರಕಾರದ ಮುಲುಕು; ಅದನ್ನು ನಾವು ಖಾಲ್ಸಾ ಎನ್ನುತ್ತಿದ್ದೆವು, ಅದರ ಕಚೇರಿ ಶಿಗ್ಗಾವಿಯಲ್ಲಿತ್ತು. ನಾನು ಖಾಲ್ಸಾ ಕಡೆಯ ಕನ್ನಡ ಶಾಲೆಯ ಮಾಸ್ತರ. ಕೊಟ್ಟಿಗೆ ಒಬ್ಬ ವಿಧವೆಯದು. ಅವಳ ಕೊಟ್ಟಿಗೆ ಮತ್ತು ಕಣ ಖಾಲ್ಸಾದಲ್ಲಿ, ಮನೆ ಸಂಸ್ಥಾನದಲ್ಲಿ. ನಡುವೆ ಹದಿನಾಲ್ಕು ಹೆಜ್ಜೆ, ನಾನು ಅಳೆದಿದ್ದೇನೆ. ಅವಳ ಮಗಳು ಸವಣೂರಿಗೆ ನಡೆದು ಹೋಗಿ ಓದಿ ಮ್ಯಾಟ್ರಿಕ್ ಪಾಸಾಗಿದ್ದಳು. ಅದುವರೆಗೆ ಎರಡೂ ಕಡೆಯ ಊರುಗಳಲ್ಲಿ ಅಷ್ಟು ಓದಿದ ಹೆಣ್ಣುಮಗಳು ಅವಳೊಬ್ಬಳೇ. ಧಾರವಾಡದ ಸರಕಾರಿ ಕಾಲೇಜಿಗೆ ಅರ್ಜಿ ಹಾಕಿದ್ದಳು. ನಾದಾರಿ ಸಿಕ್ಕರೆ, ಎಂದರೆ ಫೀ ಮಾಫಿಯಾದರೆ, ಹೋಗುವುದು, ಇಲ್ಲವಾದರೆ ಇಲ್ಲ.

ಆ ವರ್ಷ ಮುಂಬಯಿಯ ಅಂದಾಜುಪತ್ರಿಕೆಯಲ್ಲಿ ಕಾಲೇಜುಗಳ ಖರ್ಚಿಗೆ ಕತ್ತರಿ ಬಿದ್ದಿತ್ತು. ಮಂತ್ರಿಗಳು ಎಂದೋ ರಾಜೀನಾಮೆ ಕೊಟ್ಟು ಮನೆಗೆ ಹೋಗಿದ್ದರು. ಶಾಸನಸಭೆ ಕೂಡುತ್ತಿರಲಿಲ್ಲ, ಗವರ್ನರರ ಸಹಿಯೇ ಕಾಯಿದೆ. ಯಾಕೆ ಕಡಿಮೆ ಮಾಡಿದಿರಿ ಎಂದು ಎದ್ದು ನಿಂತು ಕೇಳುವ ಒಬ್ಬ ಮೆಂಬರನೂ ಇರಲಿಲ್ಲ. ಉಳಿದದ್ದರಲ್ಲಿ ಹಂಚಬೇಕಾದ ಕಾಲೇಜು, ನಾದಾರಿ ಮುಂಬಯಿ ಇಲಾಖೆಯ ರಹವಾಸಿಗಳಿಗೆ ಮಾತ್ರ ಎಂದಿತು. ಸಂಸ್ಥಾನದ ಪ್ರಜೆಗೆ ಇಲ್ಲ. ಆ ಸುತ್ತೋಲೆಯನ್ನು ನಾನು ಎರಡು ಸಲ ಓದಿದೆ. ಅದರಲ್ಲಿ ಕೆಟ್ಟ ಮಾತು ಒಂದೂ ಇರಲಿಲ್ಲ.

ನಮ್ಮ ಕಡೆ ಊರು ಎಷ್ಟು ದೊಡ್ಡದು ಎಂದು ಕೇಳುವವರು ‘ಎಷ್ಟು ಒಲೆ’ ಎಂದು ಕೇಳುತ್ತಾರೆ. ಅಣ್ಣತಮ್ಮಂದಿರು ಬೇರೆಯಾದರೆ ಹೊಲಕ್ಕೆ ಬದು ಹಾಕುವ ಮೊದಲು ಒಲೆ ಬೇರೆ ಹೂಡುತ್ತಾರೆ. ಒಲೆ ಉರಿದಲ್ಲಿ ಮನೆ. ಊರ ಲೆಕ್ಕ ಬರೆಯುವ ತಲಾಠಿಯೂ ಹಾಗೆಯೇ ಬರೆದುಕೊಳ್ಳುತ್ತಿದ್ದ. ಸುತ್ತೋಲೆಯ ಸುದ್ದಿ ತಿಳಿದ ವಾರದಲ್ಲೇ ಆ ತಾಯಿ ಕೊಟ್ಟಿಗೆಯ ಮೂಲೆಯಲ್ಲಿ ಹೊಸ ಒಲೆ ಹೂಡಿ, ಮಗಳನ್ನು ಕರೆದುಕೊಂಡು ದಾರಿ ದಾಟಿದಳು. ಒಂದು ತಪ್ಪು ಮಾಡಿದಳು. ಹಳೆಯದನ್ನು ಕೆಡವಲಿಲ್ಲ. ಅತ್ತೆ ಹೂಡಿದ ಒಲೆ. ಕೆಡವಿದರೆ ಮನೆತನ ಮುಗಿದಂತೆ ಎಂದು ಅವರಲ್ಲಿ ನಂಬಿಕೆ. ಸಾರಿಸಿ, ವಿಭೂತಿ ಹಚ್ಚಿ ಹಾಗೆಯೇ ಬಿಟ್ಟಿದ್ದಳು.

ಮಗಳಿಗೆ ರಹವಾಸಿ ದಾಖಲೆ, ಎಂದರೆ ಖಾಲ್ಸಾದಲ್ಲಿ ವಾಸವಿದ್ದಾಳೆಂಬ ಪತ್ರ, ಕೊಡಬೇಕೋ ಬೇಡವೋ ಎಂದು ಚೌಕಶಿ ಮಾಡಲು ಶಿಗ್ಗಾವಿಯಿಂದ ಕಾರಕೂನರು ಬಂದರು. ಜೊತೆಗೆ ಊರ ಚಾಕರಿಯ ವಾಲೀಕಾರ. ಪಂಚರೆಂದು ಸಾಕ್ಷಿಗೆ ನನ್ನನ್ನು ಕರೆಸಿದರು, ದಾರಿಯಲ್ಲಿ ಹೋಗುತ್ತಿದ್ದ ಬಂಕಾಪುರದ ಬಳೆಗಾರನೊಬ್ಬನನ್ನೂ ನಿಲ್ಲಿಸಿಕೊಂಡರು. ತಾಯಿ ರೊಟ್ಟಿ ಬಡಿಯುತ್ತಿದ್ದಳು, ಮಗಳು ಹಿಟ್ಟು ಸೋಸುತ್ತಿದ್ದಳು.

ಕಾರಕೂನರು ಮೂಗಿಗೆ ವಸ್ತ್ರ ಹಿಡಿದು, “ಏನವಾ, ಮಗಳ ಜೋಡಿ ಎತ್ತೂ ಕಾಲೇಜಿಗೆ ಹೊಂಟಾವೇನು?” ಎಂದರು.

“ಎತ್ತಿಗೆ ನಾದಾರಿ ಬ್ಯಾಡ್ರಿ ಸಾಹೇಬ್ರ. ಅವಕ್ಕ ಕಣಕಿ ಐತಿ,” ಎಂದಳು ತಾಯಿ, ಕೈ ನಿಲ್ಲಿಸದೆ.

ಬಳೆಗಾರ ನಕ್ಕ. ಕಾರಕೂನರು ನಗಲಿಲ್ಲ. ದಾರಿ ದಾಟಿ, ಹಳೆಯ ಮನೆಯನ್ನು ನೋಡಿ ಬಂದರು.

“ಅಲ್ಲಿ ಒಲಿ ಸಾರಿಸಿ ಇಟ್ಟೀದಿ. ಇದು ನಮಗ ತೋರಸಾಕ ಹೂಡಿದ್ದು. ಮಾಸ್ತರ, ಬರಕೊಳ್ರಿ. ಕೊಟ್ಟಿಗ್ಯಾಗಿನ ಒಲಿ ತಣ್ಣಗಿತ್ತು.”

“ಉರಿಯಾಕತ್ತೈತಲ್ರಿ,” ಎಂದೆ.

ಅವರು ನನ್ನನ್ನು ನೋಡಿದರು. ನೀರಿನ ಕೊಡ ಪಕ್ಕದಲ್ಲೇ ಇತ್ತು. ಎರಡೂ ಕೈಯಿಂದ ಎತ್ತಿ ಒಲೆಗೆ ಸುರಿದರು. ಹೆಂಚಿನ ಮೇಲೆ ರೊಟ್ಟಿ ಇತ್ತು. ಮಣ್ಣಿನ ಹೆಂಚು, ಸೀಳಿತು. ಬಿಸಿ ಬೂದಿ ಎದ್ದು ತಾಯಿಯ ಮುಖಕ್ಕೆ ಬಡಿಯಿತು. ಎತ್ತುಗಳು ಕಣ್ಣಿ ಜಗ್ಗಿದವು.

“ಈಗ ಬರೀರಿ,” ಎಂದರು. ಆಮೇಲೆ ದನಿ ತಗ್ಗಿಸಿ, “ಈ ವರ್ಷ ದಾಖಲೆ ಕೊಡೂದು ಕಡಿಮಿ ಮಾಡ್ರಿ ಅಂತ ಮ್ಯಾಲಿಂದ ಹೇಳ್ಯಾರ. ನಿಮ್ಮ ಮಾಸ್ತರಕಿ ಉಳಸ್ಕೋರಿ,” ಎಂದರು.

ಇಂದಿಗೂ ಬಿಸಿ ಹೆಂಚಿಗೆ ನೀರು ಬಿದ್ದ ಸದ್ದು ಕೇಳಿದರೆ ಎದ್ದು ಹೊರಗೆ ಹೋಗುತ್ತೇನೆ. ಆದರೆ ಅಂದು ಹೇಳಿದೆ: “ಬರೀತೇನ್ರಿ. ಕಂಡದ್ದನ್ನ ಬರೀತೇನಿ.”

ತಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. ಗೋಡೆಗೆ ಒರಗಿಸಿದ್ದ ಹಾರೆ ತೆಗೆದುಕೊಂಡು ದಾರಿ ದಾಟಿದಳು. ನಾವು ಗಂಡಸರೆಲ್ಲ ಹಿಂದೆ ಹೋದೆವು. ಹಳೆಯ ಒಲೆಯ ಮುಂದೆ ಅವಳು ಒಂದು ಗಳಿಗೆ ನಿಂತಳು, ನಂತರ ಹೊಡೆದಳು. ಮೂರನೆಯ ಏಟಿಗೆ ಅದು ಕುಸಿಯಿತು. ಒಳಗಿನ ಮಣ್ಣು ಇಟ್ಟಿಗೆಯಂತೆ ಕೆಂಪಾಗಿತ್ತು. ಹೆಂಟೆಗಳನ್ನು ಬುಟ್ಟಿಯಲ್ಲಿ ತುಂಬಿ ತಂದು ಬಂಡಿದಾರಿಗೆ ಸುರಿದಳು.

“ಈಗ ಎಣಸ್ರಿ ಸಾಹೇಬ್ರ. ಸಂಸ್ಥಾನದಾಗ ನಂದು ಎಷ್ಟು ಒಲಿ ಅದಾವು?”

“ಹುಚ್ಚಿ ಅದಾಳ,” ಎಂದರು ಕಾರಕೂನರು.

“ಹುಚ್ಚಿ ಅಲ್ರಿ,” ಎಂದ ಬಳೆಗಾರ, “ಖಾಲ್ಸಾದಾಕಿ.”

ಅಷ್ಟರಲ್ಲಿ ಮಗಳು ನಮ್ಮ ಮನೆಗೆ ಹೋಗಿ ಕೆಂಡ ತಂದಿದ್ದಳು. ಒದ್ದೆ ಒಲೆ ಬೇಗ ಹೊತ್ತಲಿಲ್ಲ. ಕೊಟ್ಟಿಗೆಯೆಲ್ಲ ಹೊಗೆ. ಅದು ಹೊತ್ತುವವರೆಗೆ ನಾನು ಲೇಖಣಿ ಎತ್ತಲಿಲ್ಲ. ಆಮೇಲೆ ಬರೆದೆ: ಒಲೆ ಉರಿಯುತ್ತಿತ್ತು, ನೀರು ಸುರಿದವರು ಕಾರಕೂನರು, ಹಳೆಯ ಒಲೆ ಕೆಡವಲಾಗಿದೆ, ಈಗ ಇದು ಉರಿಯುತ್ತಿದೆ. ನನ್ನ ಸಹಿಯ ಕೆಳಗೆ ಬಳೆಗಾರ ಹೆಬ್ಬೆಟ್ಟು ಒತ್ತಿದ.

ಕಾರಕೂನರು ಅದನ್ನು ಮುಟ್ಟಲಿಲ್ಲ. ತಾವೇ ಬೇರೆ ಪಂಚನಾಮೆ ಬರೆದು ವಾಲೀಕಾರನ ಹೆಬ್ಬೆಟ್ಟು ಹಾಕಿಸಿಕೊಂಡು ಹೋದರು. ನನ್ನದನ್ನು ನಾನೇ ಶಿಗ್ಗಾವಿಗೆ ಒಯ್ದೆ. ಎರಡು ಸಲ ಹೊರಗೇ ಕೂರಿಸಿ ಕಳಿಸಿದರು. ಮೂರನೆಯ ಸಲ ತಾಲೂಕಿನ ಮಾಮಲೇದಾರರು ಎರಡೂ ಕಾಗದ ಮುಂದಿಟ್ಟುಕೊಂಡು ವಾಲೀಕಾರನನ್ನು ಕರೆಸಿದರು.

ವಾಲೀಕಾರ ನೆಲ ನೋಡುತ್ತ ಹೇಳಿದ: “ಹೆಬ್ಬಟ್ಟು ನಂದರಿ. ಆದ್ರ ನೀರು ಹಾಕಿದ್ದು ಖರೇರಿ.”

ದಾಖಲೆ ಸಿಕ್ಕಿತು. ನಾದಾರಿಯೂ ಸಿಕ್ಕಿತು. ಹುಡುಗಿ ಯಲವಿಗಿಯಲ್ಲಿ ರೈಲು ಹತ್ತಿದಳು. ನನ್ನನ್ನು ಹಾನಗಲ್ಲಿನ ಆಚೆಗೆ, ಕಾಡಿನ ಅಂಚಿನ ಶಾಲೆಗೆ ವರ್ಗ ಮಾಡಿದರು. ಹೋದೆ. ಕ್ಷಮೆ ಕೇಳಿ ಅರ್ಜಿ ಬರೆದುಕೊಟ್ಟರೆ ತಿರುಗಿ ಕರೆಸುತ್ತೇವೆಂದು ಹೇಳಿ ಕಳಿಸಿದರು. ಬರೆದುಕೊಡಲಿಲ್ಲ. ನಾದಾರಿಯನ್ನು ವರ್ಷ ವರ್ಷವೂ ಹೊಸದಾಗಿ ಬೇಡಬೇಕಿತ್ತು. ಹಾಗಾಗಿ ಆ ತಾಯಿ ನಾಲ್ಕು ವರ್ಷ ಎತ್ತುಗಳ ಮಗ್ಗುಲಲ್ಲೇ ಉಂಡಳು, ಅಲ್ಲೇ ಮಲಗಿದಳು.

ಮುಂದೆ ಸಂಸ್ಥಾನ ಹೋಯಿತು, ಸರಹದ್ದು ಹೋಯಿತು, ನಮ್ಮ ಜಿಲ್ಲೆಗಳಿಗೆ ನಮ್ಮದೇ ವಿದ್ಯಾಪೀಠ ಬೇಕೆಂದು ಕಾಯಿದೆಯೂ ಆಯಿತು. ಅದನ್ನು ಕೊಟ್ಟವರನ್ನು ಹೊಗಳುವ ಭಾಷಣಗಳನ್ನು ಕೇಳಿದ್ದೇನೆ. ಯಾರೂ ಕೊಟ್ಟದ್ದಲ್ಲ ಅದು, ಆ ತಾಯಿಯಂಥವರು ಒಲೆ ಕೆಡವಿ ಪಡೆದದ್ದು.

ಕಾರಕೂನರು ತೀರಿಕೊಂಡಿದ್ದಾರೆ. ತಾಯಿಯೂ ಇಲ್ಲ. ಬಳೆಗಾರ ಬಂಕಾಪುರದಲ್ಲಿದ್ದಾನೆ, ಮಂಜಾಗಿರುವುದು ಅವನ ಕಣ್ಣು, ನೆನಪಲ್ಲ. ವಾಲೀಕಾರ ದುಂಡಸಿಯಲ್ಲಿ ಮಗಳ ಮನೆಯಲ್ಲಿದ್ದಾನೆ. ಅಂದು ಕೆಂಡ ತಂದವಳು ಹಿರೇಕೆರೂರಿನಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಾಳೆ. ಮೂವರೂ ಕಣ್ಣಾರೆ ಕಂಡವರು, ಮೂವರೂ ಬದುಕಿದ್ದಾರೆ. ನಾನು ಒಂದು ಮಾತು ಹೆಚ್ಚು ಬರೆದಿದ್ದರೆ ಅವರನ್ನು ಕೇಳಿರಿ.