ಸಂಜೆ ಆರು ಎಂದು ಬರೆದವಳು ನಾನೇ

ಕೋವಿಡ್ ಕಾಟ ಮುಗಿದ ಮರುವರ್ಷ. ಆಗ ನಾನು ಚಿಕ್ಕೋಡಿಯಲ್ಲಿ ವಕೀಲಿ ಮಾಡುತ್ತಲೇ, ಕೋರ್ಟು ಕಳಿಸುವ ವಿಚ್ಛೇದನದ ಪ್ರಕರಣಗಳಿಗೆ ಮೀಡಿಯೇಟರ್ ಆಗಿಯೂ ಕೂರುತ್ತಿದ್ದೆ. ಗಂಡ ಹೆಂಡತಿಯನ್ನು ಎದುರುಬದುರು ಕೂರಿಸಿ, ಅವರೇ ಒಪ್ಪುವ ದಾರಿ ಹುಡುಕಿ ಬರೆದುಕೊಡುವ ಕೆಲಸ. ಒಪ್ಪಂದ ಬರೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬವಿತ್ತು. ಅದನ್ನು ಇಳಿಸಿದವಳು ಎಂಟು ವರ್ಷದ ಹುಡುಗಿ.

ಹೆಸರು ಬದಲಿಸಿದ್ದೇನೆ. ಅಜಿತನದು ಕಾಗವಾಡದಲ್ಲಿ ಗೊಬ್ಬರದ ಅಂಗಡಿ. ಹೆಂಡತಿ ಸುಜಾತಾ ಮಗಳು ಶ್ರೇಯಾಳನ್ನು ಕರೆದುಕೊಂಡು ಏಕಸಂಬಿಯ ತವರಿಗೆ ಬಂದಿದ್ದಳು. ಇಬ್ಬರದೂ ಜೈನ ಮನೆತನ. ಜೂನ್ ತಿಂಗಳಲ್ಲಿ ಎರಡೇ ಬೈಠಕ್ಕಿನಲ್ಲಿ ಒಪ್ಪಂದ ಮುಗಿಸಿದೆ. ಮಗಳು ತಾಯಿಯ ಬಳಿ ಇರುವುದು. ಅವಳ ಖರ್ಚೆಲ್ಲ ತಂದೆಯದು. ಪ್ರತಿ ರವಿವಾರ ಬೆಳಿಗ್ಗೆ ಒಂಬತ್ತಕ್ಕೆ ತಂದೆ ಕರೆದೊಯ್ದು ಸಂಜೆ ಆರಕ್ಕೆ ಬಾಗಿಲಿಗೆ ಬಿಡುವುದು. ಹೀಗೆ ಗೊತ್ತಾದ ಹೊತ್ತಿಗೆ ಮಗುವನ್ನು ಕಾಣುವುದಕ್ಕೆ ನಾವು ವಿಸಿಟೇಶನ್ ಎನ್ನುತ್ತೇವೆ. ಇಬ್ಬರೂ ಸಹಿ ಹಾಕಿದರು, ನಾನು ಫೈಲು ಕಟ್ಟಿಟ್ಟೆ.

ಡಿಸೆಂಬರಿನಲ್ಲಿ ಅದೇ ಫೈಲು ತಿರುಗಿ ಬಂತು. ವಿಸಿಟೇಶನ್ ನಿಲ್ಲಿಸಬೇಕೆಂದು ಸುಜಾತಾ ಅರ್ಜಿ ಹಾಕಿದ್ದಳು. ರವಿವಾರ ರಾತ್ರಿ ಮಗಳು ಗೋಡೆಗೆ ಮುಖ ಮಾಡಿ ಮಲಗುತ್ತಾಳೆ, ಹೊಟ್ಟೆನೋವು ಎನ್ನುತ್ತಾಳೆ, ಅಪ್ಪನ ಮನೆಯಲ್ಲಿ ಏನೋ ನಡೆಯುತ್ತಿದೆ ಎಂಬುದು ಅವಳ ಗುಮಾನಿ. ತಾಯಿಯೇ ಹೇಳಿಕೊಟ್ಟು ಆಡಿಸುತ್ತಿದ್ದಾಳೆ ಎಂಬುದು ಅಜಿತನ ವಾದ. ನ್ಯಾಯಾಧೀಶರು ಇನ್ನೊಮ್ಮೆ ನೋಡಿ ಎಂದು ನನಗೇ ಕಳಿಸಿದರು. ಅಜಿತನ ರವಿವಾರಗಳು ಉಳಿಯುತ್ತವೋ ಹೋಗುತ್ತವೋ ಎಂಬುದು ನಾನು ಕರೆದ ಬೈಠಕ್ಕಿನ ಸಂಜೆ ತೀರ್ಮಾನವಾಗಬೇಕಿತ್ತು. ಅಂದು ಬೆಳಿಗ್ಗೆಯಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ದೊಡ್ಡವರನ್ನು ಹೊರಗೆ ಕೂರಿಸಿ ಹುಡುಗಿಯೊಬ್ಬಳನ್ನೇ ಒಳಗೆ ಕರೆದೆ. ಕೇಳಿದ್ದಕ್ಕೆಲ್ಲ ಸುಮ್ಮನೆ ತಲೆಯಾಡಿಸಿದಳು. ಗಡಿಯಾರ ಐದೂವರೆ ದಾಟಿತ್ತು. ಸೋತು, ಚೀಲದಲ್ಲಿದ್ದ ಬಿಸ್ಕಿಟ್ ಪುಡಿಕೆ ಬಿಚ್ಚಿ ಅವಳ ಮುಂದಿಟ್ಟೆ. ಅವಳು ಬಿಸ್ಕಿಟ್ ಮುಟ್ಟಲಿಲ್ಲ. ಎದ್ದು ಕಿಟಕಿಗೆ ಹೋಗಿ ಪಡುವಣಕ್ಕೆ ಇಣುಕಿದಳು.

"ಹೊತ್ತ ಮುಳಗೇತೇನ್ರಿ ಬಾಯಾರ?"

"ಇನ್ನೂ ಐತವಾ. ಯಾಕ?"

"ಹೊತ್ತ ಮುಳಗಿದ ಮ್ಯಾಲ ಉಣ್ಣಂಗಿಲ್ಲ ಅಂತ ಮುನಿ ಮಹಾರಾಜರ ಮುಂದ ನೇಮಾ ತಗೊಂಡೀನ್ರಿ." ಗಬಗಬನೆ ಮೂರು ಬಿಸ್ಕಿಟ್ ತಿಂದಳು.

ನಾನು ಕೇಳಿದೆ: "ಹಂಗಾರ ರವಿವಾರ ಸಂಜೀಕ ಎಲ್ಲಿ ಉಣತಿ?"

"ಉಣ್ಣಂಗಿಲ್ರಿ. ಮನಿ ಮುಟ್ಟೂದ್ರಾಗ ಹೊತ್ತ ಹೋಗಿರತೈತಿ. ಮಮ್ಮಿ ಕೇಳಿದ್ರ ಉಂಡೀನಿ ಅಂತೀನಿ."

"ಖರೆ ಹೇಳಬಾರದೇನ?"

"ಮಮ್ಮಿಗಿ ಹೇಳಿದ್ರ ಪಪ್ಪಾನ ಮ್ಯಾಲ ಸಿಟ್ಟಾಗತಾಳ. ಪಪ್ಪಾಗ ಹೇಳಿದ್ರ ಲಗೂನ ಬಿಟ್ಟ ಬರ್ತಾನ್ರಿ. ರವಿವಾರ ಸಣ್ಣದಾಗತೈತಿ."

ಜೂನ್‌ನಲ್ಲಿ ಆರಕ್ಕೆ ಇನ್ನೂ ಬಿಸಿಲಿತ್ತು. ಅವಳು ಮನೆಗೆ ಬಂದು ಉಣ್ಣುತ್ತಿದ್ದಳು. ಚಳಿಗಾಲದಲ್ಲಿ ಆರಕ್ಕೆ ಸೂರ್ಯನೇ ಇರುವುದಿಲ್ಲ. ತಾಯಿಯ ಮನೆಗೆ ಹೋಗಿ ಉಣ್ಣುತ್ತಾಳೆ ಎಂದು ಅಜಿತ, ಅವನು ಉಣಿಸಿಯೇ ಕಳಿಸಿರುತ್ತಾನೆ ಎಂದು ಸುಜಾತಾ ತಿಳಿದಿದ್ದರು. ಒಬ್ಬರಿಗೊಬ್ಬರು ಮಾತಿಲ್ಲ, ಕೇಳುವುದೆಲ್ಲಿ ಬಂತು! ಹಗಲಿರುವಾಗಲೇ ಪಂಕ್ತಿ ಮುಗಿಯುವ ಜೈನರ ಮದುವೆಗಳಲ್ಲಿ ನಾನೇ ಎಷ್ಟೋ ಸಲ ಉಂಡಿದ್ದೇನೆ. ಆದರೂ ನಮ್ಮ ಮನೆಯ ಒಂಬತ್ತು ಗಂಟೆಯ ಊಟದ ಲೆಕ್ಕದಲ್ಲಿ ಆರು ಎಂದು ಬರೆದಿದ್ದೆ. ನಾಚಿಕೆಯಾಯಿತು. ಇದನ್ನು ಅಪ್ಪ ಅಮ್ಮನಿಗೆ ಹೇಳಲೇ ಎಂದು ಹುಡುಗಿಯನ್ನು ಕೇಳಿದೆ. "ರವಿವಾರ ಸಣ್ಣದಾಗಾಕ ಬಿಡಂಗಿಲ್ಲಲ್ರಿ?" ಎಂದಳು. ಬಿಡುವುದಿಲ್ಲ ಎಂದು ಮಾತು ಕೊಟ್ಟುಬಿಟ್ಟೆ. ಆ ಮಾತು ಕೊಡುವ ಅಧಿಕಾರ ನನಗೆಲ್ಲಿತ್ತು?

ಇಬ್ಬರನ್ನೂ ಒಳಗೆ ಕರೆದು ವಿಷಯ ಹೇಳಿದೆ. ನೀ ಕೇಳಲಿಲ್ಲ, ನೀ ಹೇಳಲಿಲ್ಲ ಎಂದು ಜಗಳ ಹತ್ತಿತು. ಮೇಜು ಕುಟ್ಟಿ ರೇಗಿದೆ. "ಆರು ಅಂತ ಬರದಾಕಿ ನಾನು. ಬೈಯೂದಿದ್ರ ನನಗ ಬೈರಿ."

ಅಜಿತ ತಲೆ ತಗ್ಗಿಸಿದ. "ಇನ್ನ ಮ್ಯಾಲ ಐದಕ್ಕ ತಂದ ಬಿಡತೀನ್ರಿ ಬಾಯಾರ" ಎಂದ. ಹುಡುಗಿ ಹೆದರಿದ್ದು ಅದಕ್ಕೇ. ಮೂಲೆಯ ಕುರ್ಚಿಯಿಂದ ಅವಳು ನನ್ನನ್ನೇ ದಿಟ್ಟಿಸುತ್ತಿದ್ದಳು.

ಸುಜಾತಾ ಮಗಳ ಆ ನೋಟ ಕಂಡಳು. ಆಮೇಲೆ ನನ್ನ ಕಡೆ ನೋಡುತ್ತ ಹೇಳಿದಳು: "ಹೊತ್ತ ಇರೂದ್ರಾಗ ಅಲ್ಲೇ ಉಣಿಸಿ ಕಳಸಾಕ ಹೇಳ್ರಿ. ಏಳಕ್ಕ ಬಂದ್ರೂ ನಡೀತೈತಿ."

ರವಿವಾರಗಳನ್ನು ನಿಲ್ಲಿಸಲು ಬಂದವಳು ಒಂದು ತಾಸು ಹೆಚ್ಚಿಗೆ ಕೊಟ್ಟಳು. ಅರ್ಜಿ ವಾಪಸಾಯಿತು. ಎದ್ದು ಹೋಗುವಾಗ, ಆ ಸಂಜೆ ಮೊದಲ ಬಾರಿಗೆ ಗಂಡನಿಗೇ ನೇರವಾಗಿ, "ಖಾರ ಕಡಿಮಿ ಹಾಕಸ್ರಿ" ಎಂದಳು.

ಅಂದಿನಿಂದ ಗಂಟೆ ಬರೆಯುವ ಮೊದಲು ನಾನು ಮಗುವಿನ ದಿನ ಕೇಳುತ್ತೇನೆ. ಯಾವಾಗ ಉಣ್ಣುತ್ತದೆ, ಯಾವಾಗ ಮಲಗುತ್ತದೆ, ಯಾರ ಪಕ್ಕದಲ್ಲಿ. ಕೆಲಸ ಕಲಿಸಿದ್ದು ಇಷ್ಟು. ಆದರೆ ಸಮಾಧಾನವಿಲ್ಲ. ಅದಕ್ಕೂ ಮೊದಲು ಬರೆದ ಒಪ್ಪಂದಗಳ ನಕಲುಗಳು ನನ್ನ ಕಪಾಟಿನಲ್ಲಿವೆ. ಒಂದು ರವಿವಾರ ಅವನ್ನೆಲ್ಲ ತೆಗೆದು ನೋಡಿದೆ. ಒಂದೊಂದರಲ್ಲೂ ಸಂಜೆ ಆರು ಎಂದೇ ಇತ್ತು. ಆ ಮಕ್ಕಳನ್ನು ನಾನು ಏನೂ ಕೇಳಿರಲಿಲ್ಲ.