ಫ್ಲೋರಿನ್ ಬಾಯಮ್ಮ ಅಂಟಿಸದ ಸ್ಟಿಕ್ಕರ್

ದುಬೈಯ ಅಲ್ ನಹ್ದಾದಲ್ಲಿ ಯಾರ ಮನೆಗೆ ಹೋದರೂ, ಬಿಸ್ಕತ್ತು ಮುಂದಿಟ್ಟರೆ ಫ್ಲೋರಿನ್ ಬಾಯಮ್ಮ ಮೊದಲು ಅದರ ಪ್ಯಾಕೆಟ್ ಕೇಳುತ್ತಿದ್ದರು. ಅದನ್ನು ತಿರುಗಿಸಿ, ಕನ್ನಡಕವನ್ನು ಹಣೆಗೇರಿಸಿ, ಹಿಂದಿನ ಸಣ್ಣಕ್ಷರಗಳನ್ನು ಕಡೆಯ ಪದದವರೆಗೂ ಓದಿದ ಮೇಲೆಯೇ ಒಂದು ಚೂರು ಮುರಿಯುತ್ತಿದ್ದದ್ದು. ಮನೆಯವರು ಮುಖ ಹುಳ್ಳಗೆ ಮಾಡಿಕೊಂಡರೆ, "ಮುಖ ನೋಡಿ ಮಣೆ ಹಾಕುದು ಬೇರೆಯವರು. ನಾವು ಬೆನ್ನು ನೋಡುವವರು" ಎನ್ನುತ್ತಿದ್ದರು. ಪಕ್ಕದಲ್ಲಿ ಕೂತ ನನಗೆ ನಾಚಿಕೆ. ಸುಳ್ಳೇಕೆ, ಖುಷಿಯೂ ಆಗುತ್ತಿತ್ತು.

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಗೋದಾಮಿನಲ್ಲಿ ನಮ್ಮ ಕೆಲಸ. ಹೊರದೇಶದಿಂದ ಬಂದ ತಿಂಡಿಗಳಿಗೆ, ಒಳಗೇನಿದೆಯೆಂದು ಅರಬ್ಬಿ, ಇಂಗ್ಲಿಷಿನಲ್ಲಿ ಅಚ್ಚಾದ ಸ್ಟಿಕ್ಕರ್ ಅಂಟಿಸಿ ಅಂಗಡಿಗೆ ಕಳಿಸುವುದು. ಮಂಗಳೂರಿನ ಬಾಯಮ್ಮ ಆ ಮೇಜಿಗೆ ಹಿರಿಯರು. ಉಡುಪಿಯಿಂದ ಆಗಷ್ಟೇ ಬಂದಿದ್ದ ನಾನು ಅವರ ಶಿಷ್ಯೆ.

ಒಂದು ಸಲ ರಂಜಾನಿಗೆ ಮೊದಲು, ಹಾಲಿಗೆ ಹಾಕಿಕೊಂಡು ತಿನ್ನುವ ಬಣ್ಣಬಣ್ಣದ ಸೀರಿಯಲ್ ಬಂತು. ಯಾವಾಗಲೂ ಯುರೋಪಿನಿಂದ ಬರುತ್ತಿದ್ದದ್ದು ಆ ಸಲ ಅಮೆರಿಕದಿಂದ ಬಂದಿತ್ತು. ಅದೇ ಹೆಸರು, ಅದೇ ಚಿತ್ರ. ಆದರೆ ಅಚ್ಚಾಗಿ ಬಂದಿದ್ದ ಸ್ಟಿಕ್ಕರ್ ಯುರೋಪಿನ ಮಾಲಿನದು. ಅದರಲ್ಲಿ ಬಣ್ಣಕ್ಕೆ ಅರಿಶಿನ, ಕ್ಯಾರೆಟ್, ಬೀಟ್‌ರೂಟ್ ಎಂದಿತ್ತು. ಪ್ಯಾಕೆಟ್ಟಿನ ಮೇಲೆ ರೆಡ್ ನಲವತ್ತು, ಯೆಲ್ಲೋ ಐದು ಎಂಬ ಕೃತಕ ಬಣ್ಣಗಳ ಹೆಸರು.

"ಒಂದೇ ಕಂಪನಿ, ಒಂದೇ ರುಚಿ ಬಾಯಮ್ಮ. ಅಂಟಿಸಿ, ಖಲಾಸ್" ಎಂದರು ಮ್ಯಾನೇಜರ್ ಶೆಟ್ಟಿ ಸರ್. ಅಂಗಡಿಗಳ ಫೋನು ಅವರನ್ನು ಹಣ್ಣು ಮಾಡಿತ್ತು. ಬಾಯಮ್ಮ ಆ ದಿನ ಒಂದನ್ನೂ ಅಂಟಿಸದೆ ಮನೆಗೆ ಹೋದರು. ಮರುದಿನ ಬೆಳಿಗ್ಗೆ ನೇರ ಶೆಟ್ಟಿ ಸರ್ ಕೋಣೆಗೆ ನಡೆದರು, ಹಿಂದೆ ನಾನು. ಬಾಯಮ್ಮನ ವೀಸಾ ಮುಂದುವರಿಸುವ ಕಾಗದ ಸಹಿಗೆಂದು ಅದೇ ಮೇಜಿನ ಮೇಲಿತ್ತು. ಸಹಿ ಬೀಳದಿದ್ದರೆ ಅವರು ಊರಿಗೆ ಮರಳಬೇಕಿತ್ತು.

"ಸರ್, ಇದರಲ್ಲಿ ಅರಿಶಿನ ಇಲ್ಲ. ಉಂಟು ಅಂತ ಅಂಟಿಸ್ಲಿಕ್ಕೆ ನನ್ನಿಂದ ಆಗುದಿಲ್ಲ."

"ಹಾಗಾದ್ರೆ ಬೇರೆಯವರು ಅಂಟಿಸ್ತಾರೆ."

"ಅಂಟಿಸ್ಲಿ. ಆದ್ರೆ ಆ ಬಣ್ಣ ಮೈಗೆ ಆಗದ ಮಗು ಇದ್ರೆ, ಅದರ ಅಮ್ಮ ನಮ್ಮ ಸ್ಟಿಕ್ಕರ್ ನಂಬಿಯೇ ಕೊಡುದು ಸರ್."

ಶೆಟ್ಟಿ ಸರ್ ಸಿಟ್ಟಿನಲ್ಲಿ ಇಬ್ಬರನ್ನೂ ಹೊರಗೆ ಕಳಿಸಿದರು. ಮೂರು ದಿನ ಮಾಲು ಹಾಗೇ ಬಿದ್ದಿತ್ತು. ನಾಲ್ಕನೆಯ ದಿನ ಆ ಬಣ್ಣಗಳ ಹೆಸರಿದ್ದ ಹೊಸ ಸ್ಟಿಕ್ಕರ್ ಬಂತು, ವೀಸಾ ಕಾಗದಕ್ಕೆ ಸಹಿಯೂ ಬಿತ್ತು.

ಅಮೆರಿಕದ್ದು ಕೆಟ್ಟದ್ದು, ಯುರೋಪಿನದು ಒಳ್ಳೆಯದು ಎಂಬ ಪಾಠ ಕಲಿತೆ ಎಂದುಕೊಂಡೆ. ಮರುವಾರ ನೋಡಿದರೆ ಬಾಯಮ್ಮ ಅದೇ ಅಮೆರಿಕದ ಸೀರಿಯಲ್ ತಂದು ಸುಖವಾಗಿ ಮೆಲ್ಲುತ್ತಿದ್ದಾರೆ.

"ನಂಗೆ ಆ ಬಣ್ಣ ಇಷ್ಟ ಮಾರಾಯ್ತಿ. ತಿನ್ನುವವರು ಗೊತ್ತಿದ್ದು ತಿನ್ಲಿ, ಅಷ್ಟೇ."

ಕಳೆದ ವರ್ಷ ಅವರು ಕೆಲಸ ಮುಗಿಸಿ ಊರಿಗೆ ಹೊರಟರು. ಕಳಿಸಲು ವಿಮಾನ ನಿಲ್ದಾಣಕ್ಕೆ ಹೋದ ನನಗೆ ಮನಸ್ಸು ಭಾರವಾಗಿತ್ತು. ಏನಾದರೂ ಮಾತಾಡಬೇಕಲ್ಲ ಎಂದು, ಇಷ್ಟು ವರ್ಷದ ಬದುಕನ್ನು ಒಂದೇ ಬ್ಯಾಗಿನಲ್ಲಿ ಹೇಗೆ ಹಿಡಿಸಿದಿರಿ ಎಂದು ಕೇಳಿದೆ.

"ಇದು ಎರಡನೇ ಸಲ ಕಟ್ಟಿದ್ದು ಮಾರಾಯ್ತಿ" ಎಂದು ನಕ್ಕರು. "ಅವತ್ತು ಶೆಟ್ಟಿ ಸರ್ ಹತ್ರ ಆಗುದಿಲ್ಲ ಅಂತ ಹೇಳ್ಲಿಕ್ಕೆ ಬರುವ ಮೊದ್ಲು, ಎಲ್ಲ ಕಟ್ಟಿ ಬಾಗಿಲ ಹತ್ರ ಇಟ್ಟೇ ಬಂದದ್ದು."